ತೆಂಗಿನೆಣ್ಣೆ ಕುಡಿದ ಕ್ಲಚ್ಚು

ಕಿರ್ರೆಂದು ಶುರುವಾಗಿ ಕೀಂ ಎಂದು ಮೇಲೇರುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾನ್ವೆಂಟಿನಲ್ಲಿ ನಾವು ಬೇಕೆಂದೇ ಚಾಕ್‌ಪೀಸನ್ನು ನೆಟ್ಟಗೆ ಹಿಡಿದು ಬೋರ್ಡಿನ ಮೇಲೆ ಎಳೆದರೆ ಸಿಸ್ಟರ್ ಕಣ್ಣು ಮುಚ್ಚಿ ‘ಗರ್ಲ್ಸ್, ಪ್ಲೀಸ್’ ಎನ್ನುತ್ತಿದ್ದರು. ಅದನ್ನೇ ಹತ್ತು ಪಾಲು ಹೆಚ್ಚಿಸಿದ ಹಾಗೆ. ವಯಸ್ಸಾದರೆ ಕಿವಿ ಮಂದವಾಗುತ್ತದೆ ಎನ್ನುತ್ತಾರೆ. ನನಗೆ ಆ ಅದೃಷ್ಟವೂ ಬರಲಿಲ್ಲ.

ಸದ್ದು ಹುಲ್ಲು ಕತ್ತರಿಸುವ ಗಾಡಿಯದು. ಕೋಟದ ಹತ್ತಿರ ಕಡಲ ಬದಿಯಲ್ಲಿ ನನ್ನ ತಮ್ಮ ರಘು ಹೋಮ್‌ಸ್ಟೇ ನಡೆಸುತ್ತಾನೆ. ಅಲ್ಲಿನ ಲಾನ್‌ಗೆಂದು ಯಾವುದೋ ರೆಸಾರ್ಟಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಕೂರಲು ಸೀಟಿದೆ, ಸ್ಟೀರಿಂಗ್ ಇದೆ, ಹೊಟ್ಟೆಯಡಿಯಲ್ಲಿ ಬ್ಲೇಡುಗಳಿವೆ. ಕಣ್ಣಿನ ಆಪರೇಶನ್ ಆದಮೇಲೆ ರಘು ನನ್ನ ಸ್ಕೂಟರಿನ ಕೀ ತೆಗೆದಿಟ್ಟ. ‘ಅಕ್ಕ, ಎಪ್ಪತ್ತೊಂದಾಯ್ತ್. ಹೈವೇ ಸಾಕ್’ ಎಂದ. ಈ ಗಾಡಿಗೆ ಮಾತ್ರ ಅವನ ಅಡ್ಡಿಯಿಲ್ಲ, ಕಾಂಪೌಂಡ್ ದಾಟುವುದಿಲ್ಲವಲ್ಲ. ಸೋ ವಾಟ್? ಮುಖಕ್ಕೆ ಕಡಲಗಾಳಿ, ಕೈಯಲ್ಲಿ ಸ್ಟೀರಿಂಗ್, ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸಿಲ್ಲ. ಇನ್ನೇನು ಬೇಕು?

ಮಳೆಗಾಲ ಮುಗಿದು ಶೆಡ್ಡಿನಿಂದ ಹೊರತೆಗೆದ ದಿನವೇ, ಬ್ಲೇಡಿನ ಸ್ವಿಚ್ ಎತ್ತಿದೊಡನೆ ಅದು ಕಿರುಚಿತು. ಗೆಸ್ಟುಗಳು ನೀರ್‌ದೋಸೆ ಬಿಟ್ಟು ಕಿವಿ ಮುಚ್ಚಿಕೊಂಡರು. ‘ಶನಿವಾರ ಗುಜರಿಯವ ಬತ್ತ. ಅಷ್ಟ್ರೊಳಗೆ ಸರಿ ಆದ್ರೆ ಆಯ್ತ್, ಇಲ್ದಿದ್ರೆ ಕೊಡುದೇ’ ಎಂದ ರಘು. ಗಾಡಿ ಹೋದರೆ ನನಗೆ ಉಳಿಯುವುದು ಜಗಲಿಯ ಕುರ್ಚಿ. ಅದಕ್ಕೆ ಕಾಲು ನಾಲ್ಕಿದ್ದರೂ ಚಕ್ರ ಒಂದೂ ಇಲ್ಲ.

ಗಂಗೊಳ್ಳಿಯ ಮಂಜಣ್ಣನಿಗೆ ಫೋನ್ ಮಾಡಿದೆ. ಅವರು ದೋಣಿಯ ಇಂಜಿನ್ ಮೆಕ್ಯಾನಿಕ್. ಮನೆಯ ಪಂಪ್‌ಸೆಟ್ಟಿಗೂ ಅವರೇ ಡಾಕ್ಟರ್. ಶುಕ್ರವಾರ ಚೀಲ ಹಿಡಿದು ಬಸ್ಸಿಳಿದರು. ಗಾಡಿಗೆ ಒಂದು ಸುತ್ತು ಬಂದು, ‘ದೋಣಿಗೆ ಚಕ್ರ ಇಟ್ಟಾಂಗ್ ಇತ್ತಲೆ’ ಎಂದರು.

‘ಬ್ಲೇಡಿನ ಬೇರಿಂಗ್ ಹೋಗಿದೆ, ಐ ಆಮ್ ಶ್ಯೂರ್’ ಎಂದೆ. ಎರಡು ಯೂಟ್ಯೂಬ್ ವೀಡಿಯೊ ನೋಡಿದ್ದೆ.

‘ಟೀಚರಮ್ಮ, ನೀವ್ ಒಂಚೂರ್ ಸುಮ್ನಿರಿ. ಅದೇ ಹೇಳತ್ತ್.’

ಬರೀ ಇಂಜಿನ್ ಓಡಿಸಿದರು, ಸದ್ದಿಲ್ಲ. ಸ್ವಿಚ್ ಎತ್ತಿದರು, ಕೀಂ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಗಾಡಿಯ ಮೈಗೆ ಅಲ್ಲಲ್ಲಿ ಮುಟ್ಟಿಸಿ, ಹಿಡಿಯನ್ನು ಕಿವಿಗಿಟ್ಟು ಕೇಳಿದರು. ಬ್ಲೇಡಿನ ಕಡೆ ಏನೂ ಇಲ್ಲ, ಇಂಜಿನ್ನಿನ ಅಡಿಗೆ ಮುಟ್ಟಿಸಿದಾಗ ಅವರ ಹುಬ್ಬು ಹಾರಿತು. ನಾನೂ ಕಿವಿಯಿಟ್ಟು ಕೇಳಿದೆ, ಮೈ ಜುಮ್ಮೆಂದಿತು. ಅಷ್ಟರಲ್ಲಿ ಅವರು ಮೂಗರಳಿಸಿ, ‘ಒಳಗೆ ಯಾರಾರೂ ಹಪ್ಪಳ ಕರಿತ್ರಾ?’ ಎಂದು ಕೇಳಿದರು.

ಇಂಜಿನ್ ನಿಲ್ಲಿಸಿ, ಅದರ ಅಡಿಯಲ್ಲಿ ಬ್ಲೇಡಿಗೆ ಓಟ ಕೊಡುವ ಕ್ಲಚ್ ಬಿಚ್ಚಿದಾಗ ಪ್ಲೇಟುಗಳು ಮದುಮಗಳ ಜಡೆಯ ಹಾಗೆ ಮಿನುಗುತ್ತಿದ್ದವು.

‘ಇದ್ಕೆ ತೆಂಗಿನೆಣ್ಣಿ ಬಳ್ದದ್ ಯಾರ್?’

ನಾನೇ. ಉಪ್ಪುಗಾಳಿಯ ಊರು, ಮಳೆಗೆ ಮುಂಚೆ ಕತ್ತಿ, ಬೀಗ, ಗೇಟಿನ ತಿರುಗಣಿ ಎಲ್ಲಕ್ಕೂ ಎಣ್ಣೆ ಸವರುವುದು ನಮ್ಮ ಅಮ್ಮನ ಕಾಲದ ಪದ್ಧತಿ. ಗಾಡಿಗೆ ಸ್ವಲ್ಪ ಹೆಚ್ಚೇ ಪ್ರೀತಿಯಿಂದ, ಬೆರಳು ತೂರುವ ಕಡೆಯಲ್ಲೆಲ್ಲ ಸವರಿದ್ದೆ.

‘ಒಂದನ್ನೊಂದ್ ಹಿಡ್ಕಂಬುದೇ ಈ ಪ್ಲೇಟಿನ ಕೆಲ್ಸ. ಎಣ್ಣಿ ಬಿದ್ರೆ ಹಿಡಿತಿಲ್ಲೆ, ಜಾರತ್ತ್, ಕೂಗತ್ತ್’ ಎಂದರು ಮಂಜಣ್ಣ. ಪೆಟ್ರೋಲಿನಲ್ಲಿ ತೊಳೆದು, ಮರಳುಕಾಗದದಲ್ಲಿ ಉಜ್ಜಿ, ಮತ್ತೆ ಜೋಡಿಸುವಾಗ, ‘ಮದಿ ಕಾಗ್ದ ಇತ್ತಾ?’ ಎಂದರು. ಪ್ಲೇಟುಗಳ ನಡುವಿನ ಸಂದು ಅಳೆಯಲು ಮದುವೆಯ ಕಾರ್ಡಿನ ದಪ್ಪ ಸಾಕಂತೆ. ‘ತೀರಾ ಹತ್ರ ಆದ್ರೂ ಗಲಾಟಿ, ದೂರ ಆದ್ರೂ ಗಲಾಟಿ.’ ಮದುವೆಯಾಗದ ನಾನು ಅಭಿಪ್ರಾಯ ಕೊಡಲಿಲ್ಲ.

ಸ್ವಿಚ್ ಎತ್ತಿದರು. ಟಕ್. ಅಷ್ಟೇ. ಬ್ಲೇಡು ಗುಂಯ್ ಎಂದು ತಿರುಗಿತು. ನಾನು ಚಪ್ಪಾಳೆ ಹೊಡೆದೆ; ರಘು ಗುಜರಿಯವನಿಗೆ ಫೋನ್ ಮಾಡಿ ‘ಬಪ್ಪುದ್ ಬ್ಯಾಡ’ ಎಂದ.

ಮಂಜಣ್ಣ ಕೈ ಒರೆಸಿಕೊಳ್ಳುತ್ತ, ‘ಇಷ್ಟ್ ವರ್ಷ ಇಂಜಿನ್ ಅಡಿಗೇ ಇದ್ದೆ. ಮೇಲೆ ಕೂತ್ಕಂಡ್ ಒಂದ್ ರೌಂಡ್ ನಂಗೂ ಕೊಡ್ತ್ರಾ?’ ಎಂದರು.

‘ಆಫ್‌ಕೋರ್ಸ್. ಮೊದ್ಲು ಟ್ರಯಲ್ ನಾನು ನೋಡ್ತೇನೆ’ ಎಂದು ಹತ್ತಿದೆ.

ಟ್ರಯಲ್ ಎಷ್ಟು ರೌಂಡ್ ಆಯಿತೋ. ಹುಲ್ಲು ಹಾರುತ್ತಿತ್ತು, ಸೆರಗು ಹಾರುತ್ತಿತ್ತು, ನನಗೆ ಇಪ್ಪತ್ತು ವರ್ಷ. ಕೊನೆಗೆ ನಿಲ್ಲಿಸಿದಾಗ ಮಂಜಣ್ಣ ಇರಲಿಲ್ಲ. ‘ಬಸ್ಸಿಗೆ ಹೊತ್ತಾಯ್ತ್ ಅಂದ್ರ್’ ಎಂದ ರಘು. ಮರುವಾರವೇ ಅವರು ಮುಂಬಯಿಗೆ ಮಗಳ ಮನೆಗೆ ಹೋಗಿ, ಅಲ್ಲೇ ಉಳಿದರಂತೆ. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಆ ದಿನ ಗೇಟಿನ ಹತ್ತಿರ; ಚೀಲ ಕೆಳಗಿಟ್ಟು, ನಿಲ್ಲಿಸಿ ಎಂದು ಕೈ ಎತ್ತಿ ನಿಂತಿದ್ದರು. ನಾನು ರಾಣಿಯ ಹಾಗೆ ಕೈ ಬೀಸಿ, ಸ್ಟೀರಿಂಗ್ ತಿರುಗಿಸಿಕೊಂಡು ಮುಂದೆ ಹೋದೆ.