ಜಯತೀರ್ಥನ ಬಾನೆಟ್ಟಿನ ಬಿರುಕು

ಬೆಳಿಗ್ಗೆ ಎಂಟಕ್ಕೆ ಜಯತೀರ್ಥ ಕಾರಿನ ಮೇಲಿನ ಗೋಣಿತಟ್ಟು ಎಳೆದ. ಕೆಂಪು ಬಾನೆಟ್ಟಿನ ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು. ನಿನ್ನೆ ಸಂಜೆ ಇರಲಿಲ್ಲ. ನಿನ್ನೆ ಸಂಜೆ ಅವನು ಮಾಡಿದ್ದು ಒಂದೇ ಕೆಲಸ: ಬಾನೆಟ್ಟು ಗಡಗಡ ಅನ್ನಬಾರದೆಂದು ಅದರ ಬೋಲ್ಟುಗಳನ್ನು ಉಸಿರು ಬಿಗಿಹಿಡಿದು ತಿರುವಿದ್ದ.

ಸೋಲಾಪುರದ ಸೋದರಮಾವ ಸಾಯುವಾಗ ಬಿಟ್ಟುಹೋದ ಎರಡೇ ಸೀಟಿನ ವಿಲಾಯತಿ ರೇಸಿನ ಕಾರು ಅದು. ಎಂಬತ್ತೆರಡನೇ ಇಸವಿಯಿಂದ ನಾಲ್ಕು ವರ್ಷ, ಆಳಂದದ ಅವನ ಮನೆಯಂಗಳದಲ್ಲಿ ಶಾವಿಗೆ ಒಣಗಿಸಲು ಇದ್ದ ಒಂದೇ ಬಿಸಿಲಿನ ಜಾಗವನ್ನು ಹಿಡಿದು ಕೂತಿತ್ತು.

“ಇವತ್ತ ಡಾಕ್ಟರು ಇದನ್ನ ಒಯ್ಲಿಲ್ಲಂದ್ರ ಐದರ ಬಸ್ಸಿಗೆ ನಾ ಗಾಣಗಾಪುರಕ್ಕ, ತವರಿಗೆ ಹೋಗ್ತೇನಿ,” ಎಂದಿದ್ದಳು ಹೆಂಡತಿ ಪ್ರಮಿಲಾ. ಟ್ರಂಕು ತುಂಬಿಯಾಗಿತ್ತು. ಅವಳಿಲ್ಲದ ಮನೆಯಲ್ಲಿ ಜಯತೀರ್ಥನಿಗೆ ನಿದ್ದೆ ಬರುತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ಇದನ್ನವನು ಅವಳಿಗೆ ಹೇಳಿರಲಿಲ್ಲ.

ಹಳೇ ಕಾರಿನ ಹುಚ್ಚಿದ್ದ ಗುಲಬರ್ಗಾದ ಡಾಕ್ಟರು ಅದನ್ನು ಕೊಳ್ಳಲು ನಾಲ್ಕಕ್ಕೆ ಬರುವವರಿದ್ದರು.

“ದೃಷ್ಟಿ ತಾಗ್ಯದ,” ಎಂದು ಎದುರುಮನೆ ಲೀಲಾಬಾಯಿ ಬಾನೆಟ್ಟಿಗೆ ಮೆಣಸಿನಕಾಯಿ ನಿವಾಳಿಸಿದರು. ಪಕ್ಕದ ಮನೆಯ ಶಿವರಾಯ ಬೆರಳು ಮಡಚಿ ಟಕಟಕ ಬಡಿದ.

“ಏನ್ ಮಾಡಾಕತ್ತೀರಿ!” ಎಂದು ಜಯತೀರ್ಥ ಕೂಗಿದ.

“ಗಡಿಗಿ ತಗೊಳ್ಳುವಾಗ ಬಡದು ನೋಡಂಗಿಲ್ಲೇನ್ರಿ? ಸಪ್ಪಳದಾಗ ಗೊತ್ತಾಗ್ತದ.”

ಏನು ಗೊತ್ತಾಯಿತೋ, ಬಿರುಕು ಮಾತ್ರ ಗೇಣುದ್ದವಾಯಿತು.

ಮಿಸ್ತ್ರಿ ಜಹೀರುದ್ದೀನ ಬಂದು ನೋಡಿದ. “ಇದು ತಗಡಲ್ಲ ಸಾಬ್, ಫೈಬರ್. ತಗಡು ಬಗ್ತದ, ಇದು ಸೀಳ್ತದ. ಬೋಲ್ಟ್ ಇಷ್ಟು ಬಿಗಿ ಮಾಡಿದ ಶಾಣ್ಯಾ ಯಾರ್ರಿ?”

“ಯಾರೋ ಏನೋ,” ಎಂದ ಜಯತೀರ್ಥ.

ಜಹೀರುದ್ದೀನ ಬೋಲ್ಟು ಸಡಿಲಿಸಿ, ಪುಟ್ಟಿ ತುಂಬಿ, ಬಣ್ಣ ಹೊಡೆದ. “ಸಡಿಲೇ ಇರ್ಲಿ, ಮುಟ್ಟಬ್ಯಾಡ್ರಿ,” ಎಂದು ಹೇಳಿ ಹೋದ. ಮೇ ತಿಂಗಳ ಬಿಸಿಲಿಗೆ ಮೂರಕ್ಕೆಲ್ಲ ಒಣಗಿತು. ಬಾನೆಟ್ಟು ಥಳಥಳ ಹೊಳೆಯಿತು, ಆದರೆ ಸ್ವಲ್ಪ ಅಲುಗಿತು. ಜಯತೀರ್ಥ ಆಚೀಚೆ ನೋಡಿ ಅದೇ ಬೋಲ್ಟನ್ನು ಮತ್ತೆ ಬಿಗಿದ.

ಡಾಕ್ಟರು ಬಂದರು. ಕನ್ನಡಕ ಏರಿಸಿ ಬಾನೆಟ್ಟನ್ನು ರೋಗಿಯ ಹೊಟ್ಟೆಯಂತೆ ಒತ್ತಿನೋಡಿದರು.

“ಬಿರುಕು ಎಲ್ಲ್ಯದ?”

“ಒಂದೂ ಇಲ್ರೀ!”

“ಹಂಗಂದ್ರ ಇದು ಅಸಲಿ ಅಲ್ಲ. ಈ ಜಾತಿ ಕಾರಿಗೆ ಇಷ್ಟು ವರ್ಷಕ್ಕ ಬೋಲ್ಟಿನ ಸುತ್ತ ಬಿರುಕು ಬಿಟ್ಟಿರ್ಲೇಬೇಕು. ಹಿಂದಕ ಒಮ್ಮೆ ಹಿಂಗೇ ಹೊಸಾ ಬಾನೆಟ್ ಕೂಡ್ಸಿ ನನಗ ಟೋಪಿ ಹಾಕ್ಯಾರ. ಒಂದು ಬಿರುಕು ತೋರಸ್ರಿ, ಈಗೇ ಒಯ್ತೇನಿ.”

“ಮುಂಜಾನೆ ಗೇಣುದ್ದ ಇತ್ರೀ, ದೇವ್ರಾಣಿ!” ಎಂದು ಶಿವರಾಯ ಬೆರಳು ಮಡಚಿ ಟಕಟಕ ಬಡಿದ. ಏನೂ ಆಗಲಿಲ್ಲ. ಜಯತೀರ್ಥನೂ ಬಡಿದ. ಲೀಲಾಬಾಯಿಯೂ ಎರಡು ಬಡಿದರು. ಡಾಕ್ಟರು ಮೂವರನ್ನೂ ಒಮ್ಮೆ ನೋಡಿ ತಮ್ಮ ಕಾರು ಹತ್ತಿ ಹೊರಟರು.

ಐದಕ್ಕೆ ಹತ್ತು ನಿಮಿಷವಿತ್ತು. ಪ್ರಮಿಲಾ ಟ್ರಂಕು ಹಿಡಿದು ಹೊರಬಂದಳು. ಆಗ, ಯಾರೂ ಮುಟ್ಟದೆ, ಬಾನೆಟ್ಟು ‘ಟಪ್’ ಎಂದಿತು. ಅದೇ ಬೋಲ್ಟಿನ ಸುತ್ತ, ಬೆಳಗಿನದಕ್ಕಿಂತ ಚೆಂದದ ಬಿರುಕು.

“ಬಂತ್ರೀ ಬಂತು!” ಎಂದು ಶಿವರಾಯ ಕುಣಿದ.

ಜಯತೀರ್ಥ ಬರಿಗಾಲಲ್ಲಿ ರಸ್ತೆಗೆ ಓಡಿದ. ಗುಲಬರ್ಗಾ ದಾರಿಯಲ್ಲಿ ಎದ್ದ ಧೂಳು ಕೂಡ ಕೂತುಬಿಟ್ಟಿತ್ತು. ತಿರುಗಿ ಬರುವಾಗ ಐದರ ಬಸ್ಸು ಎದುರಾಯಿತು. ಕಿಟಕಿಯಲ್ಲಿ ಪ್ರಮಿಲಾ ಇದ್ದಳು.

ಮನೆಯ ಕೀಲಿಕೈಯನ್ನು ಅವಳು ಬಾನೆಟ್ಟಿನ ಮೇಲೆ, ಬಿರುಕಿನ ನಟ್ಟನಡುವೆ ಇಟ್ಟುಹೋಗಿದ್ದಳು.