ವೈನಿಗೆ ಒಗ್ಗದ ವೈನು

ಶಹಾಪುರದ ಹೈಸ್ಕೂಲಿನಲ್ಲಿ ಹದಿನಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ದ್ರಾಕ್ಷಿ ರಸ ಹುದುಗಿ ವೈನ್ ಆಗುವ ಪಾಠವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದ್ದರಿಂದ ಸುರಪುರದ ನಮ್ಮ ಮನೆಗೆ ಒಂದು ವೈನ್ ಬಾಟಲಿ ಬಂದಾಗ, ಅದನ್ನು ಎದುರಿಸಲು ನನ್ನಷ್ಟು ಅರ್ಹರು ಇಡೀ ಓಣಿಯಲ್ಲೇ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ.

ತಂದವಳು ನನ್ನ ನಾದಿನಿ ಸುಮಾ. ವಿಜಯಪುರದಲ್ಲಿರುವ ಅವಳ ಗಂಡನಿಗೆ ಯಾರೋ ಗೆಳೆಯರು ಕೊಟ್ಟಿದ್ದರಂತೆ. ಎರಡು ಇಳಕಲ್ ಸೀರೆಗಳ ನಡುವೆ ಅದನ್ನು ಹಸುಗೂಸಿನಂತೆ ಸುತ್ತಿಕೊಂಡು ತವರಿಗೆ ಬಂದಿದ್ದಳು. ಅಂದು ಭಾನುವಾರ ಮಧ್ಯಾಹ್ನ. ನನ್ನ ಗಂಡ ಯಾರದೋ ನಿಶ್ಚಯಕ್ಕೆಂದು ಹುಣಸಗಿಗೆ ಹೋಗಿದ್ದರು. ಎರಡು ಹೊತ್ತು ಲಿಂಗಪೂಜೆ ಮಾಡದೆ ನೀರನ್ನೂ ಮುಟ್ಟದ ನಮ್ಮ ಅತ್ತೆ, ಊಟ ಮುಗಿಸಿ ನಡುಮನೆಯಲ್ಲಿ ಮಲಗಿದ್ದರು.

ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಸುಮಾ ಪಿಸುಗುಟ್ಟಿದಳು: "ವೈನಿ, ಒಂದs ಗುಟುಕು ನೋಡೂಣು ಬರ್ರಿ. ಹೃದಯಕ್ಕ ಚಲೋ ಅಂತ."

"ಹಂಗೆಲ್ಲಾ ಸುಮ್ನ ಒಪ್ಪಾಕ ಬರಂಗಿಲ್ಲ ಸುಮಾ. ಪ್ರಯೋಗ ಮಾಡೇ ನೋಡಬೇಕು," ಎಂದೆ ಗಂಭೀರವಾಗಿ.

ಅಡುಗೆಮನೆಯ ಬಾಗಿಲು ಹಾಕಿಕೊಂಡೆವು. ಬಾಟಲಿಯ ಬಿರಡೆ ಬರಲಿಲ್ಲ. ಚಮಚೆಯ ಹಿಡಿ ಬಾಗಿತು, ಚಾಕುವಿನ ತುದಿ ಮುರಿಯಿತು. ಕೊನೆಗೆ ಲಟ್ಟಣಿಗೆಯ ತುದಿ ಇಟ್ಟು ಒತ್ತಿದಾಗ ಬಿರಡೆ ಒಳಗೆ ಬಿತ್ತು, ವೈನು ಹೊರಗೆ ಹಾರಿತು! ಗೋಡೆ ಒರೆಸಿ, ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡೆವು. ಸುಮಾ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ನಾನು ಪ್ರಯೋಗ ಅರ್ಧಕ್ಕೆ ಬಿಡುವವಳಲ್ಲ. ಅರ್ಧ ಲೋಟ ಮುಗಿಸಿದೆ!

ಹತ್ತು ನಿಮಿಷಕ್ಕೆ ಫಲಿತಾಂಶ ಬಂತು. ಕಿವಿ ಕಾದವು. ಮೂಗಿನ ಎರಡೂ ಹೊಳ್ಳೆಗಳು ಕಟ್ಟಿದವು. ತೋಳಿನ ಮೇಲೆ ಪಿತ್ತದ ಗಂಧೆಗಳೆದ್ದವು. ಆಮೇಲೆ ಸೀನು. ಒಂದಲ್ಲ, ಎರಡಲ್ಲ, ಒಂಬತ್ತು! ಒಂಬತ್ತನೆಯದಕ್ಕೆ ಅತ್ತೆ ಎದ್ದು ಬಂದರು. ಅಷ್ಟರಲ್ಲಿ ಸುಮಾ ಬಾಟಲಿಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿದ್ದಳು.

"ಅಯ್ಯ ಶಿವನ! ಏನಾಗ್ಯದ ಶೈಲಾ? ಮಾರಿ ಎಲ್ಲಾ ಕೆಂಪs ಕೆಂಪ! ಯಾರದೋ ದೃಷ್ಟಿ ತಾಗ್ಯದ!"

ನಾನು ಏನೋ ಹೇಳಲು ಬಾಯಿ ತೆರೆದೆ. ತೆರೆದರೆ ವಾಸನೆ! ಮುಚ್ಚಿದೆ. ಮುಚ್ಚಿದರೆ ಉಸಿರಿಲ್ಲ, ಮೂಗು ಮೊದಲೇ ಕಟ್ಟಿತ್ತು! ಹೀಗೆ ಬಾಯಿ ತೆರೆಯುತ್ತ ಮುಚ್ಚುತ್ತ ಮೀನಿನಂತೆ ನಿಂತಿದ್ದೆ.

"ಸುಮಾ, ನಿಮ್ ವೈನಿಗಿ ಮಾತs ಹೊಂಡವಲ್ವು! ಉಪ್ಪು, ಮೆಣಸಿನಕಾಯಿ ತಾ!"

ನಿವಾಳಿಸಿದ ಒಣಮೆಣಸಿನಕಾಯಿಗಳನ್ನು ಅತ್ತೆ ಕೆಂಡಕ್ಕೆ ಹಾಕಿದರು. ಮುಂದೆ ಎಷ್ಟು ಸೀನಿದೆನೋ ಲೆಕ್ಕ ತಪ್ಪಿತು. ಕಣ್ಣು ಊದಿ, ತುಟಿ ದಪ್ಪಗಾಗಿ, ಕನ್ನಡಿಯಲ್ಲಿ ಕಂಡವಳು ಯಾರೆಂದು ನನಗೇ ತಿಳಿಯಲಿಲ್ಲ. ಆಗ ನಿಜವಾಗಿಯೂ ಹೆದರಿದೆ. ಸತ್ತರೆ ಪೇಪರಿನಲ್ಲಿ ಏನೆಂದು ಬರೆಯುತ್ತಾರೆ ಎಂಬುದು ಸಾವಿಗಿಂತ ದೊಡ್ಡ ಚಿಂತೆಯಾಯಿತು!

ಪಕ್ಕದ ಮನೆಯ ರಸೂಲ್ ಭಾಯಿ ಆಟೋ ತಂದರು. "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಐದು ಮಿನಿಟ್!" ಎಂದು ಇಡೀ ಬಜಾರಕ್ಕೆ ತಿಳಿಯುವಂತೆ ಹಾರ್ನ್ ಹೊಡೆಯುತ್ತ ಹೊರಟರು. ಅತ್ತೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದೆ.

ಭಾನುವಾರವೂ ರೋಗಿಗಳನ್ನು ನೋಡುವ ಡಾಕ್ಟರು ನನ್ನ ತೋಳು, ಗಂಟಲು ನೋಡಿ ಕೇಳಿದರು: "ಏನ್ ತಿಂದಿದ್ರಿ? ಏನ್ ಕುಡದಿದ್ರಿ?"

ಜೊತೆಗೆ ಬಂದಿದ್ದ ಸುಮಾ ಗಾಬರಿಯಲ್ಲಿ ಬಾಯಿಬಿಟ್ಟಳು. "ವೈನ್..."

ಅತ್ತೆಯ ಕತ್ತು ಗರಕ್ಕನೆ ತಿರುಗಿತು.

"...ಇ! ವೈನೀ, ನೀವs ಹೇಳ್ರಿ!"

ಒಂದು 'ಇ'ಕಾರ ಮನೆತನದ ಮಾನ ಕಾಯಬಲ್ಲದೆಂದು ಯಾವ ವ್ಯಾಕರಣದ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ! ಸೆರಗಿನೊಳಗಿಂದಲೇ ಹೇಳಿದೆ: "ದ್ರಾಕ್ಷಿ."

ಡಾಕ್ಟರು ಒಮ್ಮೆ ಗಾಳಿ ಮೂಸಿದರು. "ಎಷ್ಟು ಹಳೇ ದ್ರಾಕ್ಷಿರಿ?"

"ಎರಡು ವರ್ಷದ್ದು ಅಂತ ಚೀಟಿ ಮ್ಯಾಲ..." ಎಂದಳು ಸತ್ಯವಂತೆ ಸುಮಾ. ನಾನು ಅವಳ ಕಾಲು ತುಳಿದೆ.

"ಎರಡು ವರ್ಷದ್ದು ದ್ರಾಕ್ಷಿ ಮಾರಾಕತ್ತ್ಯಾರೇನು?" ಅತ್ತೆ ಸಿಡಿದರು. "ಇವ್ರ ಬಾಯಾಗ ಮಣ್ಣು ಬೀಳ್ಲಿ!"

ಡಾಕ್ಟರು ಇಂಜೆಕ್ಷನ್ ಕೊಟ್ಟು, ನೀರು ತರಲೆಂದು ಅತ್ತೆಯನ್ನು ಹೊರಗೆ ಕಳಿಸಿ, ಮೆಲ್ಲಗೆ ಹೇಳಿದರು: "ಟೀಚರ್, ಕೆಲವ್ರ ಮೈಗೆ ಇದು ಒಗ್ಗಂಗಿಲ್ಲ. ಈಗ ಹೆದರೂದೇನಿಲ್ಲ. ಆದ್ರ ಮುಂದ ಒಂದು ಹನಿನೂ ಬ್ಯಾಡ್ರಿ. ಗಂಟಲಾ ಕಟ್ಟಬಹುದು."

ಒಂದು ತಾಸಿಗೆ ಮೂಗು ತೆರೆಯಿತು. ಆಸ್ಪತ್ರೆಯ ಫಿನಾಯಿಲ್ ವಾಸನೆ ಮಲ್ಲಿಗೆಯಂತೆ ಒಳಗೆ ಬಂತು. ಜೀವವೂ ಉಳಿದಿತ್ತು, ಮಾನವೂ ಉಳಿದಿತ್ತು! ಸಂಜೆ ಸುಮಾ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿ ಕೈತೊಳೆದುಕೊಂಡಳು.

ಆದರೆ ಮರುದಿನದಿಂದ ನಮ್ಮ ಮನೆಯಲ್ಲಿ ದ್ರಾಕ್ಷಿ ನಿಷೇಧ ಜಾರಿಯಾಯಿತು. ನನಗೋ ದ್ರಾಕ್ಷಿ ಎಂದರೆ ಪ್ರಾಣ, ಅದೂ ಸೀಸನ್ನು! ಹತ್ತಿಕುಣಿಯಲ್ಲಿ ನೆಂಟರ ಮನೆಯ ಬಸುರಿಯ ಕುಪ್ಪಸದ ಕಾರ್ಯಕ್ಕೆ ಹೋದಾಗ, ಅತ್ತೆ ಪಂಕ್ತಿಯಲ್ಲೇ ನನ್ನ ಎಲೆಯ ಶಿರಾದಿಂದ ಒಣದ್ರಾಕ್ಷಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. "ನಮ್ ಸೊಸಿಗಿ ಆಗಂಗಿಲ್ರಿ, ಸಾಯಾಕ ಬಿದ್ದಿದ್ಲು," ಎಂದು ಬಡಿಸುವವರಿಗೆಲ್ಲ ವಿವರಿಸಿದರು. ಇದನ್ನು ಸಹಿಸಿಕೊಂಡೆ. ಆದರೆ ಒಂದು ದಿನ ನನ್ನ ಗಂಡ ತಮ್ಮ ತಾಯಿಗೆಂದೇ ಕರಿದ್ರಾಕ್ಷಿ ತಂದಾಗ ಅತ್ತೆ ತಟ್ಟೆಯನ್ನು ಹಿಂದಕ್ಕೆ ಸರಿಸಿಬಿಟ್ಟರು. "ಆಕಿ ತಿನ್ನಲಾರದ್ದು ನನಗ ಯಾಕಪಾ?"

ಅದನ್ನು ಮಾತ್ರ ಸಹಿಸಲಾಗಲಿಲ್ಲ. ಎರಡು ವಾರ ಒದ್ದಾಡಿ, ಕೊನೆಗೊಂದು ಬೆಳಿಗ್ಗೆ ಅವರು ಸೊಪ್ಪು ಸೋಸುತ್ತಿದ್ದಾಗ ಮುಂದೆ ಹೋಗಿ ಕುಳಿತೆ. "ಅತ್ತಿ, ಅವತ್ತು ನಾ ತಿಂದದ್ದು ದ್ರಾಕ್ಷಿ ಅಲ್ಲ…"

"ಕುಡದದ್ದು," ಅತ್ತೆ ತಲೆ ಎತ್ತದೆ ಹೇಳಿದರು.

ನನ್ನ ಕೈ ತಾನಾಗಿ ಸೆರಗನ್ನು ಬಾಯಿಗೆ ಒಯ್ದಿತು.

"ಆಟೋದಾಗ ನನ್ನ ಹೆಗಲ ಮ್ಯಾಲ ಸೀನಿದ್ಯಲ್ಲ, ನನಗೇನು ಮೂಗಿಲ್ಲೇನು? ಮಂದಿ ಮುಂದ ಯಾಕ ಅಂತ ಸುಮ್ನಿದ್ದೆ. ನೀನs ಹೇಳ್ತಿ ಅಂತ ಕಾಯಾಕತ್ತಿದ್ದೆ. ಎಷ್ಟು ತಡಾ ಮಾಡಿದೆವ್ವಾ! ನನಗೂ ದ್ರಾಕ್ಷಿ ಇಲ್ಲದಂಗ ಮಾಡಿದಿ!"

ಅಳು ಬಂತು, ಅದರ ಹಿಂದೆಯೇ ನಗು ಬಂತು. ಎದೆಯ ಮೇಲಿನ ಬಂಡೆ ಸರಿದಂತಾಯಿತು.

"ಇರ್ಲಿ. ರುಚಿ ಹ್ಯಾಂಗಿತ್ತು?" ಅತ್ತೆ ಈಗ ತಲೆ ಎತ್ತಿದ್ದರು.

"ಹುಣಸಿಹಣ್ಣು ನೆನಸಿದ ನೀರಿನ ಹಂಗ."

"ಇಷ್ಟಕ್ಕs ಸಾಯಾಕ ಹೋಗಿದ್ದ್ಯಾ? ಕೇಳಿದ್ರ ನಾನs ಮನ್ಯಾಗ ಮಾಡಿ ಕೊಡ್ತಿದ್ದೆ!"

ಆ ಸಂಜೆಯೇ ಇಬ್ಬರೂ ಚೀಲ ಹಿಡಿದು ಬಜಾರಕ್ಕೆ ಹೋದೆವು. ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿದೆವು. ದ್ರಾಕ್ಷಿಯ ಸೀಸನ್ ಮುಗಿದಿತ್ತು! ಅತ್ತೆ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಇದ್ದುದರಲ್ಲೇ ದೊಡ್ಡ ಕಲ್ಲಂಗಡಿಯೊಂದನ್ನು ಆರಿಸಿ ನನ್ನ ಚೀಲಕ್ಕೆ ಹಾಕಿಸಿದರು.

"ಆಟೋ ಮಾಡೂಣೇನ್ರಿ ಅತ್ತಿ?" ಎಂದೆ ದೀನಳಾಗಿ.

"ಯಾಕ? ಈಗ ಆರಾಮಿದ್ಯಲ್ಲ!" ಎಂದು ಅವರು ಕೈಬೀಸಿ ಮುಂದೆ ನಡೆದರು. ಹದಿನಾರು ವರ್ಷ ಮಕ್ಕಳಿಗೆ ಭಾರ, ಬಲ ಎಲ್ಲ ಕಲಿಸಿದ ವಿಜ್ಞಾನದ ಶಿಕ್ಷಕಿ, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ಅವರ ಹಿಂದೆ ಹೊರಟಳು. ಏಳೂವರೆ ಕಿಲೋ ಇತ್ತು!