ಆಸ್ಪೆನ್ ಗುಡ್ಡ ಸಮತಟ್ಟಾದದ್ದು

ಮಿನೆಸೋಟಾದ ಟೊರ್ವಿಕ್ ಕೌಂಟಿಯಲ್ಲಿ ಸರ್ಕಾರಿ ವ್ಯಾನು ನಿಂತಾಗ ಅದರ ಹಿಂದಿನ ಟ್ರೇಲರೂ ನಿಲ್ಲತಕ್ಕದ್ದು. ಇದು ನಮ್ಮ ವಾಹನ ಸುರಕ್ಷತಾ ಸಮಿತಿಯ ಮೊದಲನೆಯ ನಿಯಮ. ಕಾರ್ಯದರ್ಶಿಯಾಗಿ ಹನ್ನೊಂದು ವರ್ಷಗಳಿಂದ ಇದರ ಒಂದು ಅಲ್ಪವಿರಾಮವನ್ನೂ ಕದಲಿಸಲು ನಾನು ಬಿಟ್ಟಿಲ್ಲ.

ಡಾರ್ಲಾ ಎಂಗೆನ್ ವೃದ್ಧಾಶ್ರಮಕ್ಕೆ ಮಧ್ಯಾಹ್ನದ ಊಟ ಒಯ್ಯುವ ಚಾಲಕಿ. ಅಡುಗೆಮನೆ ಆಸ್ಪೆನ್ ಗುಡ್ಡದ ಮೇಲೆ, ಹಸಿದ ಮೂವತ್ತೊಂದು ಮಂದಿ ಗುಡ್ಡದ ಕೆಳಗೆ. ಈ ಚಳಿಗಾಲಕ್ಕೆ ಬಿಸಿ ಸೂಪಿನ ಹಂಡೆಗಳಿರುವ ಟ್ರೇಲರ್ ಬಂತು. ಅದರ ಚಕ್ರಗಳಲ್ಲಿ ವಿದ್ಯುತ್ ಬ್ರೇಕಿತ್ತು. ಅದಕ್ಕೆ ಅಪ್ಪಣೆ ಕೊಡುವ ಪುಟ್ಟ ಪೆಟ್ಟಿಗೆ, ಅಂದರೆ ಬ್ರೇಕ್ ಕಂಟ್ರೋಲರ್, ವ್ಯಾನಿನಲ್ಲಿ ಇರಲಿಲ್ಲ.

ಗ್ಯಾರೇಜಿನ ರೇ ಬುಷಾರ್ಡ್ ಸ್ಟಿಯರಿಂಗಿನ ಕೆಳಗೆ ಮಲಗಿ ಪೆಟ್ಟಿಗೆಯ ನಾಲ್ಕು ತಂತಿಗಳಲ್ಲಿ ಮೂರನ್ನು ಜೋಡಿಸಿಬಿಟ್ಟಿದ್ದರು. ಟ್ರೇಲರಿಗೆ ಹೋಗುವ ನೀಲಿ ತಂತಿ ಕೈಯಲ್ಲಿರುವಾಗ ನಾನು ತಡೆದೆ. ನಿಯಮ ಹದಿನಾಲ್ಕರ ಪ್ರಕಾರ, ಬ್ರೇಕಿನ ತಂತಿ ಜೋಡಿಸುವ ಮುನ್ನ ಆ ಬ್ರೇಕು ಕೆಲಸ ಮಾಡುತ್ತಿದೆಯೆಂಬ ಪ್ರಮಾಣಪತ್ರ ಹಾಜರುಪಡಿಸತಕ್ಕದ್ದು.

"ಜೋಡಿಸ್ದೇನೆ ಅದು ಹೇಗ್ರೀ ಕೆಲ್ಸ ಮಾಡುತ್ತೆ?" ರೇ ಮಲಗಿದಲ್ಲಿಂದಲೇ ಕೇಳಿದರು.

"ನಿಯಮದಲ್ಲಿ ಅದನ್ನ ಹೇಳಿಲ್ಲ."

"ಹತ್ತು ನಿಮಿಷದ ಕೆಲ್ಸ ಸ್ವಾಮಿ. ನೀವು ಒಂಚೂರು ಆ ಕಡೆ ನೋಡ್ತಿರಿ, ಸಾಕು."

ನಾನು ಆ ಕಡೆ ನೋಡಲಿಲ್ಲ. ವಿಷಯ ಸಮಿತಿಗೆ ಹೋಯಿತು.

"ಖಾಲಿ ಟ್ರೇಲರ್ ಎಳ್ಕೊಂಡು ಇಳಿದು ನೋಡ್ದೆ ಮಿಲ್ಟನ್," ಎಂದು ಡಾರ್ಲಾ ಸಮಿತಿಯ ಅಧ್ಯಕ್ಷ ಮಿಲ್ಟನ್ ಸ್ಕೋಗ್ಲುಂಡರಿಗೆ ನಿವೇದಿಸಿದರು. "ನಾನು ಬ್ರೇಕ್ ಒತ್ತಿದ್ರೆ ಅದಕ್ಕೇನು? ಬೆನ್ನಿಗೆ ಬಿದ್ದು ನೂಕ್ತಾನೇ ಇರುತ್ತೆ. ಹಂಡೆ ತುಂಬಿದ್ರೆ ಊಟ ಮುದುಕರನ್ನ ದಾಟ್ಕೊಂಡು ಹೋಗುತ್ತೆ, ನನ್ನ ಸಮೇತ."

"ಇಳಿಜಾರಿದ್ರೆ ತಾನೆ ಇದೆಲ್ಲ ತೊಂದ್ರೆ?" ಎಂದರು ಮಿಲ್ಟನ್.

"ಇದೆಯಲ್ಲಪ್ಪ."

"ಅಂತ ಯಾರು ಹೇಳಿದ್ದು?"

ಡಾರ್ಲಾ ಕಿಟಕಿಯ ಕಡೆ ಕೈ ತೋರಿಸಿದರು. ಕಿಟಕಿ ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಟ್ರೇಲರಿಗೆ ಬ್ರೇಕು ಕಡ್ಡಾಯವಲ್ಲ. ಆದ್ದರಿಂದ ಸಮಿತಿ ಸರ್ವಾನುಮತದಿಂದ ಹೀಗೆ ಪ್ರಕಟಿಸಿತು: "ಬರುವ ಸೋಮವಾರದಿಂದ ಆಸ್ಪೆನ್ ಗುಡ್ಡ ಸಮತಟ್ಟಾಗಿರುತ್ತದೆ. ಪಾದಚಾರಿಗಳು ಏದುಸಿರು ಬಿಡದೆ ಸಹಕರಿಸತಕ್ಕದ್ದು. ಅಲ್ಲಿ ಹಿಮದ ಮೇಲೆ ಜಾರುವ ಮಕ್ಕಳು ಇನ್ನು ಮುಂದೆ ಒಬ್ಬರನ್ನೊಬ್ಬರು ತಳ್ಳಿಕೊಳ್ಳತಕ್ಕದ್ದು."

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಊಟವು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಅರವತ್ತು ಮೈಲಿ ವೇಗದಿಂದ ಬಂದು, ವೃದ್ಧಾಶ್ರಮವನ್ನು ದಾಟಿ, ಹೆಪ್ಪುಗಟ್ಟಿದ ಕೆರೆಯ ನಡುಮಧ್ಯೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವವರ ಗುಡಿಸಲುಗಳ ಸಾಲಿನಲ್ಲಿ ಹೋಗಿ ನಿಂತಿತು. ಸೂಪು ಬಿಸಿಯಾಗಿತ್ತು. ವೃದ್ಧರು ಊರುಗೋಲು ಹಿಡಿದು ಅಲ್ಲಿಗೇ ನಡೆದರು.

ನಾನು ಸ್ಥಳ ಪರಿಶೀಲಿಸಿದೆ. ವ್ಯಾನು ನಿಂತಿತ್ತು, ಟ್ರೇಲರೂ ನಿಂತಿತ್ತು. ಮೊದಲನೆಯ ನಿಯಮ ಪೂರ್ತಿಯಾಗಿ ಪಾಲನೆಯಾಗಿತ್ತು. ಕೂಡಲೇ ನಿಯಮ ಹದಿನಾಲ್ಕರ ಪ್ರಮಾಣಪತ್ರ ಬರೆದುಕೊಟ್ಟೆ.

ಅದನ್ನು ಹಿಡಿದು ರೇ ನೀಲಿ ತಂತಿಯೊಂದಿಗೆ ಓಡಿಬಂದರು. "ಈಗ್ಲಾದ್ರೂ ಜೋಡಿಸ್ಲಾ?"

"ಯಾಕೆ?" ಎಂದರು ಮಿಲ್ಟನ್. "ತಂತಿ ಇಲ್ದೇನೇ ನಿಲ್ಲುತ್ತೆ ಅಂತ ಪ್ರಮಾಣಪತ್ರದಲ್ಲೇ ಇದೆಯಲ್ಲ."

ಭೋಜನಶಾಲೆಯನ್ನು ಕೆರೆಗೆ ಸ್ಥಳಾಂತರಿಸಲಾಯಿತು. ನಮ್ಮ ಕಡೆಯವರು ದೂರು ಹೇಳುವ ಪೈಕಿಯವರಲ್ಲ. ಅಭಿಪ್ರಾಯದ ಹಾಳೆಗಳಲ್ಲಿ ಮೂವತ್ತು ಮಂದಿ "ಪರವಾಗಿಲ್ಲ" ಎಂದು ಬರೆದರು. ಒಬ್ಬರು "ಉಪ್ಪು ಕಮ್ಮಿ" ಎಂದು ಬರೆದು, ಮರುದಿನ ಬಂದು ಕ್ಷಮೆ ಕೇಳಿದರು.

ಏಪ್ರಿಲಿನಲ್ಲಿ ಕೆರೆ ಕರಗುತ್ತದೆ ಎಂದು ಡಾರ್ಲಾ ಲಿಖಿತವಾಗಿ ಗಮನಕ್ಕೆ ತಂದಿದ್ದಾರೆ. ಕರಗುವುದನ್ನು ಮುಂದೂಡುವ ನಿರ್ಣಯ ಮಾರ್ಚ್ ಸಭೆಯ ಮುಂದಿದೆ.

"ಎಲ್ಲಿ ತನಕ ಮುಂದೂಡ್ಬೇಕಮ್ಮ?" ಎಂದು ನಾನು ಕೇಳಿದೆ.

ಡಾರ್ಲಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಜೂನ್ ಹತ್ತರ ತನಕ ಆದ್ರೆ ಸಾಕು. ಆಮೇಲೆ ನಂಗೆ ರಜೆ."